ಹಳೆಯ ಐ5-4590 ಡೆಸ್ಕ್‌ಟಾಪ್ ಕೊಂಡು ಅಪ್‌ಗ್ರೇಡ್ ಮಾಡಿಸಬಹುದೇ?

ಪ್ರಶ್ನೆ:

ನಮಸ್ಕಾರ. ಕಚೇರಿಯೊಂದರಲ್ಲಿ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದು ಸಿಗುವಂತಿದೆ. ಇಂಟೆಲ್ ಐ5-4590 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಹಾಗೂ ವಿಂಡೋಸ್ 10 ಇವೆ. ಕ್ಯಾಬಿನೆಟ್ ಮಾಮೂಲಿಗಿಂತ ತೆಳ್ಳಗಿದೆ. ಮಾರುವವರು ಆನ್ ಮಾಡಿ ತೋರಿಸಿದಾಗ ಪರದೆ ಬಳಕೆಗೆ ಬರಲು ಸುಮಾರು ಮೂರು ನಿಮಿಷ ಹಿಡಿಯಿತು, ದಿನಾಂಕವೂ ಎಷ್ಟೋ ವರ್ಷ ಹಿಂದಿನದಾಗಿತ್ತು. ನನಗೆ ಬೇಕಿರುವುದು ಪತ್ರ, ಲೆಕ್ಕಪತ್ರ ಮತ್ತು ಬ್ರೌಸರ್ ಕೆಲಸಕ್ಕೆ. ಮುಂದೆ ಮಗನ ಆಟಗಳಿಗಾಗಿ ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಯೋಚನೆಯೂ ಇದೆ. ಕೊಳ್ಳಬಹುದೇ?

ಉತ್ತರ:

ನಿಮ್ಮ ಕೆಲಸಕ್ಕಾದರೆ ಕೊಳ್ಳಬಹುದು. ಮಗನ ಆಟಗಳಿಗೆಂದು ಈ ಯಂತ್ರವನ್ನು ಕೊಳ್ಳಬೇಡಿ. ಹಳೆಯ ಕಂಪ್ಯೂಟರ್ ನೋಡುವಾಗ ಏನೇನು ಸೇರಿಸಬಹುದು ಎಂಬುದಕ್ಕಿಂತ, ಯಾವುದನ್ನು ಬದಲಿಸಲು ಆಗದು ಎಂಬುದನ್ನು ಮೊದಲು ನೋಡಬೇಕು.

ಇಂಥ ತೆಳ್ಳನೆಯ ಕಚೇರಿ ಯಂತ್ರಗಳಲ್ಲಿ ಬದಲಿಸಲು ಆಗದ್ದು ಹೆಚ್ಚಾಗಿ ಪವರ್ ಸಪ್ಲೈ, ಅಂದರೆ ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ. ನಾನೊಮ್ಮೆ ಇದೇ ಬಗೆಯ ಯಂತ್ರಕ್ಕೆಂದು ಹೊಸ ಪವರ್ ಸಪ್ಲೈ ತಂದು, ಪಕ್ಕದ ಮುಚ್ಚಳ ಬಿಚ್ಚಿ ನೋಡಿದರೆ, ಕೈಯಲ್ಲಿದ್ದ ಪ್ಲಗ್ಗಿಗೆ 24 ಪಿನ್, ಬೋರ್ಡಿನ ಮೇಲಿದ್ದ ಸಾಕೆಟ್ಟಿಗೆ 8 ಪಿನ್. ಪೆಟ್ಟಿಗೆಯ ಅಳತೆಯೂ ಹೊಂದಲಿಲ್ಲ. ಮೂಲ ಸಪ್ಲೈಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಪ್ರತ್ಯೇಕ ವೈರ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಬೋರ್ಡಿನ ಮೇಲೆ ಕಾರ್ಡ್ ಕೂರುವ ಸ್ಲಾಟ್‌ನಿಂದಲೇ ದೊರೆಯುವ ಗರಿಷ್ಠ 75 ವ್ಯಾಟ್‌ನಲ್ಲಿ ನಡೆಯುವ, ಅದೂ ಅರ್ಧ ಎತ್ತರದ ಕಾರ್ಡನ್ನೇ ಹುಡುಕಬೇಕಾಗುತ್ತದೆ. ಜಿಟಿಎಕ್ಸ್ 1650ರ ಕೆಲವು ಮಾದರಿಗಳು ಹಾಗಿವೆ, ಆದರೆ ಅದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಇನ್ನೂ ವೇಗದ ಐ7-4790 ಪ್ರೊಸೆಸರ್ ಹಾಕಿಸುವ ಆಲೋಚನೆ ಬಂದರೂ ಇದೇ ಮಾತು.

ಮೂರು ನಿಮಿಷದ ವಿಳಂಬಕ್ಕೆ ಪ್ರೊಸೆಸರ್ ಕಾರಣವಲ್ಲ. ಹಾರ್ಡ್ ಡಿಸ್ಕ್‌ನ ಜಾಗದಲ್ಲಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡ್ರೈವ್) ಹಾಕಿ, ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿದರೆ ಯಂತ್ರದ ನಡೆಯೇ ಬದಲಾಗುತ್ತದೆ. ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿ ಬೇಡ, ಆ ಕಾಲದ ಬಯಾಸ್‌ಗಳು (ಯಂತ್ರ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಬಹುಪಾಲು ಅದರಿಂದ ಯಂತ್ರವನ್ನು ಶುರು ಮಾಡಲಾರವು. ಇದರ ರ‍್ಯಾಮ್ ಡಿಡಿಆರ್3 ಎಂಬ ಹಳೆಯ ಬಗೆಯದಾಗಿರುವುದರಿಂದ ಮುಂದೆ ಹೊಸ ಬೋರ್ಡಿಗೆ ಅದನ್ನು ಸಾಗಿಸಲಾಗದು ಎಂಬುದೂ ನೆನಪಿರಲಿ.

ತಪ್ಪು ದಿನಾಂಕಕ್ಕೆ ಹೆಚ್ಚಾಗಿ ಸಿಆರ್2032 ಬಿಲ್ಲೆ ಬ್ಯಾಟರಿ ಮುಗಿದಿರುವುದೇ ಕಾರಣ. ಆದರೆ ಹಣ ಕೊಡುವ ಮೊದಲು ಬಯಾಸ್ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ, ಮಾರುವವರೇ ಅದನ್ನು ತೆಗೆಸಿಕೊಡುವವರೆಗೆ ಕೊಳ್ಳಬೇಡಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ನಾಲ್ಕನೆಯ ಪೀಳಿಗೆಯ ಪ್ರೊಸೆಸರ್ ಇಲ್ಲ. ನೀವು ಹೇಳಿದ ಕೆಲಸಗಳಿಗೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. ವಿಂಡೋಸ್ ಬೇಕೇ ಬೇಕೆಂದಿದ್ದರೆ ಎಂಟನೆಯ ಪೀಳಿಗೆಯ ಐ5-8500 ಪ್ರೊಸೆಸರ್ ಇರುವ ಯಂತ್ರಕ್ಕಾಗಿ ಕಾಯಿರಿ. ಅದರಲ್ಲಿ ಆರು ಕೋರ್‌ಗಳಿವೆ ಮತ್ತು ವಿಂಡೋಸ್ 11ರ ಪಟ್ಟಿಯಲ್ಲೂ ಅದಿದೆ.

ಮರುಪ್ರಶ್ನೆ:

ವಿವರಕ್ಕೆ ಧನ್ಯವಾದಗಳು. ಲಿನಕ್ಸ್ ಆದರೂ ನನಗೆ ಅಡ್ಡಿಯಿಲ್ಲ, ಆಟದ ವಿಚಾರ ಬಿಟ್ಟೆ. ಇಂದು ಹೋಗಿ ನೋಡಿದೆ; ಬಯಾಸ್‌ಗೆ ಪಾಸ್‌ವರ್ಡ್ ಇಲ್ಲ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಓಡಿಸಿದಾಗ ಎಚ್ಚರಿಕೆಯ ಹಳದಿ ಗುರುತು ಬಂದು, ಪೆಂಡಿಂಗ್ ಸೆಕ್ಟರ್ (ಡಿಸ್ಕ್‌ನಲ್ಲಿ ಓದಲಾಗದೆ ಉಳಿದ ಭಾಗ) ಎದುರು ಸೊನ್ನೆಗಳ ಸಾಲಿನ ಕೊನೆಯಲ್ಲಿ 10 ಎಂದಿತ್ತು. ಹತ್ತೇ ತಾನೆ ಎಂದು ಮಾರುವವರು ಹೇಳುತ್ತಾರೆ.

ಉತ್ತರ:

ಆ ತಂತ್ರಾಂಶ ಆ ಅಂಕಣವನ್ನು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲೇ (ಹತ್ತರ ಬದಲು ಹದಿನಾರರ ಆಧಾರದ ಎಣಿಕೆಯಲ್ಲೇ) ತೋರಿಸುವುದರಿಂದ, ಸೆಟ್ಟಿಂಗ್ ಬದಲಿಸಿರದಿದ್ದರೆ ನೀವು ಕಂಡ 10 ಎಂದರೆ ಹದಿನಾರು. ಹತ್ತಾಗಿದ್ದರೂ ನನ್ನ ಅಭಿಪ್ರಾಯ ಬದಲಾಗುತ್ತಿರಲಿಲ್ಲ, ಏಕೆಂದರೆ ಓದಲಾಗದ ಸೆಕ್ಟರ್‌ಗಳಿರುವ ಡಿಸ್ಕನ್ನು ಬ್ಯಾಕಪ್‌ಗೂ ಇಟ್ಟುಕೊಳ್ಳಬಾರದು. ಡಿಸ್ಕ್ ಅವರಿಗೇ ಇರಲಿ, ಅದರ ಬೆಲೆ ಕಳೆದು ಉಳಿದ ಯಂತ್ರವನ್ನಷ್ಟೇ ಕೊಡಲಿ ಎಂದು ಕೇಳಿ.