ಗಣಿತದ ಸರ್ ವರ್ಗಾವಣೆ ಆದರೆ ಇಷ್ಟೊಂದು ಅಳುತ್ತಾರಾ?

ಶಿರಾ ಕಡೆಯ ಅಪ್ಪ:

ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ಕ್ಲಾಸು. ಹೋದ ವಾರ ಅವಳ ಗಣಿತದ ಸರ್‌ಗೆ ವರ್ಗಾವಣೆ ಆಯಿತು. ಯಾರೂ ಓಡಿಸಿದ್ದಲ್ಲ, ಕೌನ್ಸೆಲಿಂಗ್‌ನಲ್ಲಿ ಅವರೇ ತಮ್ಮೂರ ಹತ್ತಿರದ ಶಾಲೆ ಆರಿಸಿಕೊಂಡು ಹೊರಟರು. ಆದರೂ ಮಕ್ಕಳು ಗೇಟಿನ ಹತ್ತಿರ ಅವರ ಬೈಕ್ ಹಿಡಿದುಕೊಂಡು ಅರ್ಧ ಗಂಟೆ ಬಿಡಲಿಲ್ಲ. ನಾಲ್ಕೈದು ಜನ ಪೋಷಕರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೂ ಹೋಗಿ ಬಂದರು, ಅದರಿಂದ ಏನೂ ಆಗಲ್ಲ ಅಂತ ಗೊತ್ತಿದ್ದೂ.

ನನ್ನ ತಲೆ ತಿನ್ನುತ್ತಿರುವುದು ಇನ್ನೊಂದು ವಿಷಯ. ಇದೇ ಶಾಲೆಯಲ್ಲಿ ಹೋದ ವರ್ಷ ಇನ್ನೊಬ್ಬ ಮೇಷ್ಟ್ರು ನಿವೃತ್ತಿ ಆದರು. ಒಳ್ಳೆ ಓದಿಕೊಂಡವರು, ಒಂದು ದಿನ ಲೇಟಾಗಿ ಬಂದವರಲ್ಲ. ಅವರಿಗೆ ಒಂದು ಶಾಲು, ಒಂದು ಹಾರ, ಒಂದು ಗ್ರೂಪ್ ಫೋಟೋ, ಅಷ್ಟೇ. ಹಾಗಾದರೆ ಕೆಲವರು ಮಾತ್ರ ಯಾಕೆ ಹೀಗೆ ಎಲ್ಲರಿಗೂ ಬೇಕಾಗುತ್ತಾರೆ? ಜೋಕ್ ಹೇಳುತ್ತಾರೆ ಅಂತಾನಾ, ಹೊಡೆಯಲ್ಲ ಅಂತಾನಾ? ಈ ಸರ್ ಜೋಕ್ ಹೇಳುವವರೂ ಅಲ್ಲ ಸ್ವಾಮಿ, ಮುಖ ಯಾವಾಗಲೂ ಗಂಟು.

ನಲಿಕಲಿ ಟೀಚರ್:

ಸರ್, ನಾನು ಹದಿನೆಂಟು ವರ್ಷದಿಂದ ಒಂದರಿಂದ ಮೂರನೇ ಕ್ಲಾಸಿಗೆ ನಲಿ-ಕಲಿ ಮಾಡುತ್ತಿದ್ದೇನೆ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತಲ್ಲ, ಅದೇ. ಅದರಲ್ಲಿ ನಾವು ಬೋರ್ಡಿನ ಹತ್ತಿರ ನಿಂತು ಭಾಷಣ ಮಾಡುವ ಹಾಗಿಲ್ಲ. ಮಕ್ಕಳು ಗುಂಪಾಗಿ ಕೂತು ಕಾರ್ಡ್ ಹಿಡಿದು ಕಲಿಯುತ್ತಾರೆ, ನಾವೂ ಅವರ ಪಕ್ಕ ಕೂರಬೇಕು. ಮಕ್ಕಳಿಗೆ ಮೊದಲ ದಿನದಿಂದಲೇ ಇಷ್ಟ. ಅಪ್ಪ ಅಮ್ಮಂದಿರಿಗೆ ಮಾತ್ರ ಸಿಟ್ಟು. "ಬರೀ ಆಟ ಆಡಿಸ್ತಾರೆ, ಪಾಠ ಯಾವಾಗ ಮೇಡಂ?" ಅಂತ ಬಂದು ಜಗಳ ಆಡಿದವರಿದ್ದಾರೆ. ಮಗು ಬಸ್ಸಿನ ಬೋರ್ಡ್ ಓದಿದ ದಿನ ಅದೇ ಅಮ್ಮ ಮನೆಯಿಂದ ಹಲಸಿನ ಹಣ್ಣು ಕಳಿಸಿದರು.

ಅಂದರೆ ಮಕ್ಕಳು ಮೆಚ್ಚುವುದಕ್ಕೂ ದೊಡ್ಡವರು ಮೆಚ್ಚುವುದಕ್ಕೂ ಕಾರಣ ಬೇರೆ ಬೇರೆ. ಮಕ್ಕಳಿಗೆ ನೀವು ಹತ್ತಿರ ಬರಬೇಕು. ಮನೆಯವರಿಗೆ ಮಗುವಿನಲ್ಲಿ ಏನೋ ಬದಲಾದದ್ದು ಕಾಣಬೇಕು. ನಿಮ್ಮ ಸರ್ ಎರಡನ್ನೂ ಹೇಗೆ ಮಾಡಿದರು ಅಂತ ಮಗಳ ನೋಟ್‌ಬುಕ್ ತೆಗೆದು ನೋಡಿ. ನನಗೆ ಅನುಮಾನ ಅದರ ಮೇಲೇ.

ಟ್ಯೂಷನ್ ನೋಡಿ ಸಾಕಾದವನು:

ಜನ ಮೆಚ್ಚಿದವರೆಲ್ಲ ಒಳ್ಳೆ ಮೇಷ್ಟ್ರು ಅಂತ ಹೊರಡಬೇಡಿ ದಯವಿಟ್ಟು. ನಾವಿದ್ದ ಊರಲ್ಲಿ ಒಬ್ಬರು ತುಂಬಾ ಫೇಮಸ್. ಕ್ಲಾಸಿನಲ್ಲಿ ಅರ್ಧ ಪಾಠ, ಉಳಿದ ಅರ್ಧ ಸಂಜೆ ಅವರ ಮನೆ ಜಗಲಿಯಲ್ಲಿ. ಟ್ಯೂಷನ್ನಿಗೆ ಹೋದವರಿಗೆ ಟೆಸ್ಟ್‌ನಲ್ಲಿ ಏನು ಬರುತ್ತದೆ ಅಂತ ಮೊದಲೇ ಗೊತ್ತು. ಪೋಷಕರು ದೇವರ ಹಾಗೆ ನೋಡುತ್ತಿದ್ದರು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವ ಹಾಗೇ ಇಲ್ಲ, ಆದರೆ ಅದನ್ನು ಯಾರು ಕೇಳುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ ಎಷ್ಟು ಬಂತು ಅನ್ನುವುದೊಂದೇ ನಮ್ಮ ಜನರ ಅಳತೆಗೋಲು. ನಂಬರ್ ಬಂದರೆ ಮೇಷ್ಟ್ರು ಗ್ರೇಟ್, ಬರದಿದ್ದರೆ ಹುಡುಗ ದಡ್ಡ.

ಹಳೇ ಬೆಂಚು:

ಮೇಲಿನವರೇ, ನಿಮ್ಮ ಸಿಟ್ಟು ಸರಿ, ಆದರೆ ಎಲ್ಲ ಕಡೆ ನಂಬರ್ ಅಲ್ಲ. ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತಾಗೆ ಹೊರಟಾಗ ಮಹಾರಾಜಾ ಕಾಲೇಜಿನ ಹುಡುಗರು ಹೂವು ಕಟ್ಟಿದ ಸಾರೋಟನ್ನು ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್‌ಗೆ ಬಿಟ್ಟು ಬಂದರಲ್ಲ. ಅವರು ಕಲಿಸುತ್ತಿದ್ದದ್ದು ಫಿಲಾಸಫಿ! ಅದರಲ್ಲಿ ಯಾವ ನಂಬರ್ ಆಸೆ?

ನಮ್ಮ ಕನ್ನಡ ಮೇಡಂ ಒಬ್ಬರಿದ್ದರು, ನಮಗಾಗ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮಹಾಪ್ರಾಣ ತಪ್ಪಿದರೆ ಪೂರ್ತಿ ಪುಟ ಮತ್ತೆ ಬರೆಸುವರು. ಹತ್ತು ಸಲ ಕೇಳಿದರೂ ಬೇಜಾರಿಲ್ಲದೆ ಹೇಳಿಕೊಡುವರು, ಆದರೆ ಬಿಡುವವರಲ್ಲ. ಇವತ್ತು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರ ಬಗ್ಗೆ ಜಾಸ್ತಿ ಮಾತು ಅಂದರೆ ಅವರದೇ. ಜೋಕ್ ಹೇಳಿ ನಗಿಸುತ್ತಿದ್ದ ಸೈನ್ಸ್ ಸರ್ ಹೆಸರು ಅರ್ಧ ಜನಕ್ಕೆ ನೆನಪಿಲ್ಲ, ಪಾಪ.

ಶಿರಾ ಕಡೆಯ ಅಪ್ಪ:

ಟೀಚರ್ ಮೇಡಂ, ನೋಟ್‌ಬುಕ್ ನೋಡಿದೆ. ಅನುಮಾನ ಸರಿ ಇತ್ತು.

ಬೇರೆ ವಿಷಯದ ಪುಸ್ತಕಗಳಲ್ಲಿ ಪುಟದ ಮೇಲೆ ಉದ್ದಕ್ಕೆ ಒಂದು ಕೆಂಪು ಗೀಟು, ಕೆಳಗೆ ಸಹಿ. ಗಣಿತದ ಪುಸ್ತಕದಲ್ಲಿ ಹಾಗಲ್ಲ. ತಪ್ಪಾದ ಲೆಕ್ಕಕ್ಕೆ ಸರ್ ಇಂಟು ಹಾಕಿಯೇ ಇಲ್ಲ, ಯಾವ ಸಾಲಿನಲ್ಲಿ ಹಾದಿ ತಪ್ಪಿತೋ ಅಲ್ಲಿಗೆ ಮಾತ್ರ ಸಣ್ಣ ಸುತ್ತು. "ಬ್ರಾಕೆಟ್ ಮುಂದೆ ಮೈನಸ್ ಇದೆ, ಒಳಗಿನ ಚಿಹ್ನೆ ಬದಲಾಗಬೇಕು" ಅಂತ ಜೂನ್‌ನಲ್ಲಿ ಒಂದು ಕಡೆ. ಆಗಸ್ಟ್‌ನಲ್ಲಿ ಅದೇ ತಪ್ಪು ಮತ್ತೆ ಮಾಡಿದ್ದಾಳೆ, ಅಲ್ಲಿ "ಮತ್ತೆ ಮೈನಸ್!" ಅಂತ ಇದೆ. ಅಂದರೆ ಅರವತ್ತು ಮಕ್ಕಳಲ್ಲಿ ಇವಳು ಎಲ್ಲಿ ಎಡವುತ್ತಾಳೆ ಅನ್ನುವುದು ಅವರಿಗೆ ನೆನಪಿತ್ತು. ಚುನಾವಣೆ ಕೆಲಸ, ಸಮೀಕ್ಷೆ, ಬಿಸಿಯೂಟದ ಲೆಕ್ಕ ಎಲ್ಲದರ ಮಧ್ಯೆ ಯಾವಾಗ ಕೂತು ನೋಡುತ್ತಿದ್ದರೋ.

ಮಗಳನ್ನು ಕೇಳಿದೆ. "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಿದ್ರಪ್ಪ, ನಾಳೆ ನೋಡ್ಕೊಂಡು ಬರ್ತೀನಿ ಅಂತ ಹೇಳಿ ಮಾರನೇ ದಿನ ಮೊದ್ಲು ಅದನ್ನೇ ಹೇಳ್ತಿದ್ರು" ಅಂದಳು. ಅದನ್ನೊಂದು ದೊಡ್ಡ ವಿಷಯ ಅಂತ ನಾನು ಯೋಚನೆಯೇ ಮಾಡಿರಲಿಲ್ಲ. ನಿವೃತ್ತರಾದ ಆ ಮೇಷ್ಟ್ರನ್ನು ಕ್ಲಾಸಿನಲ್ಲಿ ಡೌಟ್ ಕೇಳಲು ಮಕ್ಕಳಿಗೆ ಹೆದರಿಕೆ ಇತ್ತಂತೆ. ಬೈಯುತ್ತಿರಲಿಲ್ಲ, ಸುಮ್ನೆ ಒಂದು ಥರ ನೋಡುತ್ತಿದ್ದರಂತೆ.

ನಲಿಕಲಿ ಟೀಚರ್:

ಆ ನೋಟ ನನಗೂ ಇದೆ ಸರ್, ಮಧ್ಯಾಹ್ನ ಮೂರು ಗಂಟೆ ಮೇಲೆ ಬರುತ್ತದೆ 😀 ಹೊಸಬರು ಬಂದರಾ?

ಶಿರಾ ಕಡೆಯ ಅಪ್ಪ:

ಸೋಮವಾರ ಒಬ್ಬರು ಮೇಡಂ ಬರುತ್ತಾರಂತೆ. ಮಗಳಿಗೆ ಈಗಲೇ ಅವರ ಮೇಲೆ ಕೋಪ, ಮುಖವನ್ನೇ ನೋಡಿಲ್ಲ ಇನ್ನೂ.