ಇಸ್ಲಾಮೋಫೋಬಿಯಾಕ್ಕೆ ಕನ್ನಡದಲ್ಲಿ ಏನು? (ನಾಳೆ ಅಚ್ಚಿಗೆ ಹೋಗಬೇಕು)

ಎಲ್ಲರಿಗೂ ನಮಸ್ಕಾರ.

ಮಾನವ ಹಕ್ಕುಗಳ ಬಗ್ಗೆ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಅಧ್ಯಾಯದ ತಲೆಬರಹದಲ್ಲೇ ಸಿಕ್ಕಿಕೊಂಡೆ. ಇಸ್ಲಾಮೋಫೋಬಿಯಾ ಯಾವುದು, ಇಸ್ಲಾಮಿನ ಟೀಕೆ ಯಾವುದು ಅನ್ನುವ ಅಧ್ಯಾಯ ಅದು. ಸದ್ಯಕ್ಕೆ ‘ಇಸ್ಲಾಂ ಭೀತಿ’ ಅಂತ ಹಾಕಿದ್ದೇನೆ. ಆದರೆ ‘ಇಸ್ಲಾಂ ಭೀತಿಯಿಂದ ಮಸೀದಿಗೆ ಕಲ್ಲು ಹೊಡೆದರು’ ಅಂತ ಬರೆದರೆ ಕಲ್ಲು ಹೊಡೆದವರೇ ಪಾಪದವರು ಅನ್ನಿಸಿಬಿಡುತ್ತದೆ. ಬೇರೆ ಪದ ಇದೆಯಾ? ‘ಟೀಕೆ’ ಬದಲು ‘ವಿಮರ್ಶೆ’ ಹಾಕಲಾ?

---

> ಸದ್ಯಕ್ಕೆ ‘ಇಸ್ಲಾಂ ಭೀತಿ’

ಅರಿಸಮಾಸ, ಅಂದರೆ ಬೇರೆ ಬೇರೆ ಭಾಷೆಯ ಪದಗಳನ್ನು ಕೂಡಿಸಿದ ಸಮಾಸ. ವ್ಯಾಕರಣ ಬರೆದ ಕೇಶಿರಾಜನ ಕಾಲದಿಂದಲೂ ಬೇಡ ಅಂದಿರುವ ಕೆಲಸ. ‘ಇಸ್ಲಾಮಂಜಿಕೆ’ ಅನ್ನಿ. ಅಂಜಿಕೆ ನಮ್ಮದೇ ಪದ. ಮಹಾಪ್ರಾಣದ ಕಾಟವೂ ತಪ್ಪುತ್ತದೆ.

---

ಮೇಷ್ಟ್ರೇ, ಕೇಶಿರಾಜ ಹೇಳಿದ್ದು ಕನ್ನಡ-ಸಂಸ್ಕೃತ ಜೋಡಿಯ ಬಗ್ಗೆ. ಅದರಲ್ಲೂ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ಅವನೇ ರಿಯಾಯಿತಿ ಕೊಟ್ಟಿದ್ದಾನೆ. ಇನ್ನು ‘ಜಿಲ್ಲಾಧಿಕಾರಿ’ಯನ್ನು ಏನು ಮಾಡೋಣ? ಅರಬ್ಬಿ ಮೂಲದ ಜಿಲ್ಲೆಗೆ ಸಂಸ್ಕೃತದ ಅಧಿಕಾರಿ, ಮೇಲೆ ಸವರ್ಣದೀರ್ಘ ಸಂಧಿ ಬೇರೆ. ದಿನಾ ಬರೆಯುತ್ತೇವೆ ಅಲ್ವಾ?

ಭೀತಿಯ ತೊಂದರೆ ವ್ಯಾಕರಣದ್ದಲ್ಲ. ಪತ್ರಿಕೆಗಳಲ್ಲಿ ‘ಪ್ರವಾಹ ಭೀತಿ’ ಅಂತ ಬರುತ್ತದೆ. ಅಂದರೆ ನೀರು ನಿಜವಾಗಿಯೂ ನುಗ್ಗಬಹುದು, ಹುಷಾರಾಗಿರಿ ಅಂತ. ‘ಇಸ್ಲಾಂ ಭೀತಿ’ಯನ್ನೂ ಜನ ಹಾಗೇ ಓದುತ್ತಾರೆ. ಯಾವ ಮಾತು ತಪ್ಪು ಅಂತ ಅಧ್ಯಾಯ ಹೇಳಬೇಕೋ, ಆ ಮಾತನ್ನು ತಲೆಬರಹವೇ ಒಪ್ಪಿಕೊಂಡ ಹಾಗಾಗುತ್ತದೆ. ಅಂಜಿಕೆ ಅಂದರೂ ಇದೇ ಗತಿ.

---

ಮೂಲ ಪದವೇ ಸರಿಯಿಲ್ಲ, ಕನ್ನಡವನ್ನು ಯಾಕೆ ಬೈಯುತ್ತೀರಿ? 1910ರಲ್ಲೇ ಫ್ರೆಂಚ್ ಬರಹಗಳಲ್ಲಿ ಇದು ಸಿಗುತ್ತದೆ. ಜಾಸ್ತಿ ಬಳಕೆಗೆ ಬಂದದ್ದು 1997ರಲ್ಲಿ, ಜನಾಂಗೀಯ ಸಮಾನತೆಗಾಗಿ ಕೆಲಸ ಮಾಡುವ ಬ್ರಿಟನ್ನಿನ ರನ್ನಿಮೀಡ್ ಟ್ರಸ್ಟಿನ ವರದಿಯ ನಂತರ. ಆ ವರದಿಯೇ ‘ಈ ಪದ ಅಷ್ಟೇನೂ ಚೆನ್ನಾಗಿಲ್ಲ’ ಅನ್ನುವ ಅರ್ಥದ ಮಾತು ಹೇಳಿತ್ತು. 2017ರಲ್ಲಿ ಅದೇ ಸಂಸ್ಥೆ ‘ಮುಸ್ಲಿಮರ ವಿರುದ್ಧದ ಜನಾಂಗೀಯವಾದ’ ಅಂತ ಚಿಕ್ಕದಾಗಿ ಅರ್ಥ ಕೊಟ್ಟಿತು. 2018ರಲ್ಲಿ ಅಲ್ಲಿನ ಸಂಸದರ ಒಂದು ಸರ್ವಪಕ್ಷ ಗುಂಪು ಇನ್ನೊಂದು ವ್ಯಾಖ್ಯೆ ಬರೆಯಿತು. 2019ರಲ್ಲಿ ಸರ್ಕಾರ ಅದನ್ನು ಒಪ್ಪಲಿಲ್ಲ. 2025ರಲ್ಲಿ ಮತ್ತೆ ಒಂದು ಸಮಿತಿ ಮಾಡಿದಾಗ ಅದರ ಹೆಸರಲ್ಲೇ ‘ಮುಸ್ಲಿಂ ವಿರೋಧಿ ದ್ವೇಷ’ವನ್ನೂ ‘ಇಸ್ಲಾಮೋಫೋಬಿಯಾ’ವನ್ನೂ ಓರೆಗೆರೆ (/) ಹಾಕಿ ಪಕ್ಕಪಕ್ಕ ಕೂರಿಸಿದರು. ಅವರಿಗೇ ತೀರ್ಮಾನ ಆಗಿರಲಿಲ್ಲ.

ಅಮೆರಿಕದ ಎಪಿ ಸುದ್ದಿಸಂಸ್ಥೆಯ ಶೈಲಿಪುಸ್ತಕವೂ 2012ರಲ್ಲಿ ಇಂಥ ಕಡೆ ‘ಫೋಬಿಯಾ’ ಬೇಡ ಅಂತು. ಅದು ಕಾಯಿಲೆಯ ಹೆಸರು ಅನ್ನುವುದು ಅವರ ವಾದ.

---

> ಅದು ಕಾಯಿಲೆಯ ಹೆಸರು

ಅದೇ ಆಟ ಇರುವುದು. ಪ್ರಶ್ನೆ ಕೇಳಿದವನನ್ನು ರೋಗಿ ಮಾಡಿಬಿಟ್ಟರೆ ಉತ್ತರ ಕೊಡುವ ಕೆಲಸವೇ ಇಲ್ಲ. 2006ರಲ್ಲಿ ಲೇಖಕ ಸಲ್ಮಾನ್ ರಶ್ದಿ ಸೇರಿ 12 ಜನ ಸಹಿ ಮಾಡಿದ ಹೇಳಿಕೆ ನೆನಪಿದೆಯಾ? ಈ ಹಣೆಪಟ್ಟಿಗೆ ಹೆದರಿ ಪ್ರಶ್ನೆ ಕೇಳುವುದನ್ನು ಬಿಡುವುದಿಲ್ಲ ಅಂದಿದ್ದರು. ನನ್ನ ಸಲಹೆ: ಪದವನ್ನು ಅನುವಾದ ಮಾಡಬೇಡಿ, ‘ಇಸ್ಲಾಮೋಫೋಬಿಯಾ ಎನ್ನಲಾಗುವ’ ಅಂತ ಬರೆಯಿರಿ.

---

ಸರ್, ‘ಎನ್ನಲಾಗುವ’ ಹಾಕಿದರೆ ಆದದ್ದೂ ಆಗಲಿಲ್ಲ ಅಂದ ಹಾಗಾಗುತ್ತದೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದದ್ದು ‘ಎನ್ನಲಾದ’ ಸಂಗತಿಯಾ? 2001ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಲ್ಬೀರ್ ಸಿಂಗ್ ಸೋಧಿಯನ್ನು ಗುಂಡಿಟ್ಟು ಕೊಂದರು. ಆತ ಸಿಖ್. ಪೇಟ, ಗಡ್ಡ ನೋಡಿ ಮುಸ್ಲಿಂ ಅಂದುಕೊಂಡರು. ಕುರಾನಿನ ಯಾವ ಸಾಲಿನ ಬಗ್ಗೆ ಚರ್ಚೆ ಆಗಿತ್ತು ಅಲ್ಲಿ?

ಆದರೆ ನಿಮ್ಮ ಆತಂಕ ಸುಳ್ಳು ಅಂತ ಹೇಳುತ್ತಿಲ್ಲ. ಇಂಗ್ಲೆಂಡಿನ 2006ರ ಧಾರ್ಮಿಕ ದ್ವೇಷದ ಕಾನೂನು ನೋಡಿ. ಒಂದು ಧರ್ಮವನ್ನು ಟೀಕಿಸುವುದು, ಗೇಲಿ ಮಾಡುವುದು, ಬೈಯುವುದಕ್ಕೂ ಅದರಲ್ಲಿ ರಕ್ಷಣೆ ಇದೆ. ಬೆದರಿಕೆಯ ಮಾತಿನಿಂದ ಜನರ ಮೇಲೆ ದ್ವೇಷ ಕೆರಳಿಸಿದರೆ ಅಪರಾಧ. ಅಂದರೆ ಗೆರೆ ಇರುವುದು ಮನುಷ್ಯರಿಗೂ ನಂಬಿಕೆಗೂ ನಡುವೆ. ಕನ್ನಡ ಪದದಲ್ಲೂ ಅದು ಕಾಣಲಿ. ದ್ವೇಷದ ಪಕ್ಕ ‘ಮುಸ್ಲಿಂ’, ಟೀಕೆಯ ಪಕ್ಕ ‘ಇಸ್ಲಾಂ’. ‘ಇಸ್ಲಾಂ ದ್ವೇಷ’ ಅಂತ ಮಾತ್ರ ಬೇಡ, ಎರಡೂ ಕಲಸಿಹೋಗುತ್ತವೆ.

---

ದ್ವೇಷ ಯಾಕೆ? ಹಗೆ ಸತ್ತಿದೆಯಾ? ‘ಮುಸ್ಲಿಂಹಗೆ’.

---

ಹಗೆ ಅಂದರೆ ಶತ್ರುವೂ ಹೌದು. ‘ಮುಸ್ಲಿಂಹಗೆ’ ಅಂದರೆ ಮುಸ್ಲಿಮನೇ ವೈರಿ ಅಂತ ಓದಬಹುದು. ಅಚ್ಚಕನ್ನಡದ ಹಟಕ್ಕೆ ಅರ್ಥ ತಲೆಕೆಳಗಾಗಬೇಕಾ?

---

‘ಹಗೆತನ’ ಅನ್ನಿ ಹಾಗಾದರೆ. ಸಂಸ್ಕೃತ ಇಲ್ಲದೆ ಕನ್ನಡಿಗರಿಗೆ ಸಿಟ್ಟೂ ಬರುವುದಿಲ್ಲ ಅನ್ನುವ ಹಾಗೆ ಆಡುತ್ತೀರಿ.

---

ತಕರಾರು, ಅರ್ಜಿ, ವಕೀಲ, ಎಲ್ಲವನ್ನೂ ಆಚೆಯಿಂದಲೇ ತಂದುಕೊಂಡು ಜಗಳ ಆಡುತ್ತೇವೆ ಮೇಷ್ಟ್ರೇ. ಸಿಟ್ಟಿಗೆ ಏನೂ ಕೊರತೆ ಆಗಿಲ್ಲ.

ಕೇಳಿದವರಿಗೆ: ‘ವಿಮರ್ಶೆ’ ಬೇಡ, ಪುಸ್ತಕದ ವಾಸನೆ ಬರುತ್ತದೆ. ‘ನಿಂದನೆ’ ಅಂತೂ ಖಂಡಿತ ಬೇಡ. ಅದು ಮೊದಲೇ ತಪ್ಪು ಹೊರಿಸುತ್ತದೆ. ‘ಟೀಕೆ’ ಇರಲಿ.

---

ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ ಉಳಿದಿದೆ. ‘ಮುಸ್ಲಿಂ ದ್ವೇಷ’ ಅಂದರೆ ಮುಸ್ಲಿಮರು ಮಾಡುವ ದ್ವೇಷ ಅಂತಲೂ ಆಗುತ್ತದಲ್ಲ? ಅದಕ್ಕೆ ಬಿಡಿಸಿಯೇ ಬರೆಯುತ್ತೇನೆ: ‘ಮುಸ್ಲಿಮರ ಮೇಲಿನ ದ್ವೇಷ, ಇಸ್ಲಾಮಿನ ಟೀಕೆ’.

ಒಳಗೆ ಒಂದು ಕಡೆ ಮಾತ್ರ ‘ಇಸ್ಲಾಮೋಫೋಬಿಯಾ’ವನ್ನು ಹಾಗೇ ಬಿಡುತ್ತೇನೆ. 2022ರಲ್ಲಿ ವಿಶ್ವಸಂಸ್ಥೆ ಮಾರ್ಚ್ 15ನ್ನು ಇಸ್ಲಾಮೋಫೋಬಿಯಾ ವಿರೋಧಿ ದಿನ ಅಂತ ಘೋಷಿಸಿತು. ಬರೀ ಒಂದು ಧರ್ಮದ ಹೆಸರು ಯಾಕೆ, ಹಿಂದೂ, ಬೌದ್ಧ, ಸಿಖ್ಖರ ವಿರುದ್ಧದ ಫೋಬಿಯಾಗಳೂ ಇವೆ ಅಂತ ಭಾರತ ಅಲ್ಲಿ ಆಕ್ಷೇಪ ಎತ್ತಿತ್ತು. ಆ ಜಗಳ ಆ ಪದದ ಮೇಲೇ ನಡೆದದ್ದು. ಅಲ್ಲಿ ಬದಲಿಸಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

---

ತಲೆಬರಹಕ್ಕೆ ಐದು ಪದ!

---

ಪುಟದಲ್ಲಿ ಜಾಗ ಇದೆ ಸರ್.