ಮೇಜಿನ ಮೇಲಿಡುವ ಪೆನ್ಸಿಲ್ ಮೆಂಡರ್ ಯಾವುದು ತಗೊಳ್ಳಲಿ? ಸಹಾಯ ಬೇಕು

ನಮಸ್ಕಾರ ಎಲ್ಲರಿಗೂ. ಸಂಜೆ ಮನೆಯಲ್ಲೇ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಅರ್ಧ ಹೊತ್ತು ಪೆನ್ಸಿಲ್ ಚೂಪು ಮಾಡುವುದರಲ್ಲೇ ಹೋಗುತ್ತದೆ.

ಮೊದಲು ಬ್ಯಾಟರಿಯದ್ದು ತಂದೆ. ಎಚ್‌ಬಿ ಪೆನ್ಸಿಲ್‌ಗೆ ಪರವಾಗಿಲ್ಲ. 6ಬಿ, 8ಬಿಯಂಥ ಮೆತ್ತನೆ ಲೆಡ್ಡಿನ ಪೆನ್ಸಿಲ್ ಹಾಕಿದರೆ ಲೆಡ್ ಒಳಗೇ ಮುರಿದು ಸಿಕ್ಕಿಕೊಳ್ಳುತ್ತದೆ, ಬಣ್ಣದ ಪೆನ್ಸಿಲ್ ಕಥೆಯಂತೂ ಕೇಳಲೇಬೇಡಿ, ಮೇಣವೆಲ್ಲ ಬ್ಲೇಡಿಗೆ ಮೆತ್ತಿಕೊಂಡು ಆಮೇಲೆ ಯಾವುದನ್ನೂ ಸರಿಯಾಗಿ ಹೆರೆಯುವುದಿಲ್ಲ. ನಡುವೆ ಎಚ್‌ಬಿ ಹಾಕಿ ತಿರುಗಿಸಿದರೆ ಮೇಣ ಸ್ವಲ್ಪ ಬಿಡುತ್ತದೆ, ಅಷ್ಟೇ. ಬ್ಲೇಡ್ ಬದಲಿಸೋಣ ಎಂದರೆ ಅಂಗಡಿಯಲ್ಲಿ 'ಅದು ಸಿಗಲ್ಲ, ಹೊಸದೇ ತಗೊಳ್ಳಿ' ಅಂದರು.

ಈಗ ಕೈಯಿಂದ ಹಿಡಿಕೆ ತಿರುಗಿಸುವ ಮಾದರಿ ನೋಡುತ್ತಿದ್ದೇನೆ. ಅದರಲ್ಲಿ ಚಪ್ಪಟೆ ಬ್ಲೇಡ್ ಬದಲು ಸುರುಳಿ ಹಲ್ಲಿನ ಉಕ್ಕಿನ ಉರುಳೆ ಇರುತ್ತದೆ, ಪೆನ್ಸಿಲ್ ನಿಂತಲ್ಲೇ ನಿಂತಿರುತ್ತದೆ, ಉರುಳೆ ಅದರ ಸುತ್ತ ತಿರುಗುತ್ತಾ ಹೆರೆಯುತ್ತದೆ. ನನ್ನ ತಲೆ ಕೆಟ್ಟಿರುವುದು ಇಲ್ಲೇ. ಒಂದು ಉರುಳೆಯದ್ದೂ ಇದೆ, ಎರಡು ಉರುಳೆಯದ್ದೂ ಇದೆ. ಉದ್ದ ಮೊನೆ ಶೇಡಿಂಗ್‌ಗೆ ಚೆನ್ನ, ಆದರೆ ಮೆತ್ತನೆ ಲೆಡ್ ಉದ್ದವಾದಷ್ಟೂ ಬೇಗ ಮುರಿಯುತ್ತದೆ ಅಲ್ವಾ? ಪೆನ್ಸಿಲನ್ನು ತಾನೇ ಹಿಡಿದುಕೊಳ್ಳುವ ಕ್ಲಿಪ್ ಅದರ ಮೈಮೇಲೆ ಹಲ್ಲಿನ ಗುರುತು ಬಿಡುತ್ತದಂತೆ; ಮಕ್ಕಳ ಪೆನ್ಸಿಲ್‌ಗೆ ಅದೇನೂ ದೊಡ್ಡದಲ್ಲ ಬಿಡಿ. ಪುಟಾಣಿಗಳ ಸುಮಾರು 10 ಮಿಮೀ ದಪ್ಪದ ಪೆನ್ಸಿಲ್ ಮಾತ್ರ 8 ಮಿಮೀ ತೂತಿಗೆ ಹೋಗುವುದೇ ಇಲ್ಲ.

ಸುಮ್ನೆ ಲಿಂಕ್ ಹಾಕಬೇಡಿ, ದಿನಾ ಬಳಸುತ್ತಿರುವವರು ಹೇಳಿ. ಮೆತ್ತನೆ ಲೆಡ್ಡಿಗೂ ಬಣ್ಣದ ಪೆನ್ಸಿಲ್‌ಗೂ ಒಂದೇ ಉರುಳೆ ಸಾಕಾ, ಎರಡರದ್ದೇ ಬೇಕಾ? ಮೊನೆಯ ಉದ್ದ ಹೊಂದಿಸಲು ಬರುವ, ಬಿಡಿ ಉರುಳೆ ಇಲ್ಲೇ ಸಿಗುವ ಮಾದರಿ ಯಾವುದು?